ಹೆಗಲಪಟ್ಟಿ

*ಒಟಿಲೀ ಬ್ರಾಂಡಾವ್, ಸಿಂಪಿಗಿತ್ತಿ. ವಾಷಿಂಗ್ಟನ್, ೧೮೬೩.*

ಯಾರು ಏರಿದರೆಂಬುದು ಪತ್ರಿಕೆಗಿಂತ ಮೊದಲು
ನನ್ನ ಸೂಜಿಗೆ ಗೊತ್ತು.
ಗುಮ್ಮಟ ಮುಗಿಯದ ಆ ಗುಡ್ಡದಿಂದ ಇಳಿದ ಬಂಡಿ
ನನ್ನ ಬಾಗಿಲ ಕೆಸರಲ್ಲಿ ನಿಂತಾಗ
ಒಳಗಿದ್ದವರ ಕೈಯಲ್ಲಿ ಆದೇಶ ಇರುವುದಿಲ್ಲ ಇನ್ನೂ,
ಹೆಗಲ ಅಳತೆ ಇರುತ್ತದೆ.

ಎರಡು ಗೆರೆ ಕ್ಯಾಪ್ಟನ್. ಬಂಗಾರದೆಲೆ ಮೇಜರ್.
ಬೆಳ್ಳಿಯೆಲೆ ಅದಕ್ಕೂ ಒಂದು ಮೆಟ್ಟಿಲು ಮೇಲೆ.
ಬಂಗಾರಕ್ಕಿಂತ ಬೆಳ್ಳಿ ಹೇಗೆ ಹೆಚ್ಚಾಯಿತೆಂದು ಕೇಳಬೇಡಿ,
ಇದು ದಂಡಿನ ಲೆಕ್ಕ, ಅಕ್ಕಸಾಲಿಯದಲ್ಲ.
ಆಮೇಲೆ ಹದ್ದು. ಹದ್ದಿಗೂ ಮೇಲೆ ನಕ್ಷತ್ರ.
ಐದು ತುದಿಗೂ ಒಂದೊಂದು ಗಂಟು ಬೀಳಬೇಕು,
ಇಲ್ಲದಿದ್ದರೆ ಮೊದಲ ಮಳೆಗೇ ಮುದುಡುತ್ತದೆ.

ನವೆಂಬರಿನಲ್ಲಿ ಬಂದವರು ಸೆನೆಟರ್ ಕಲ್ವರ್‌ಹೌಸ್.
ಹಿಂದೆ, ಕೈಯಲ್ಲಿ ಟೋಪಿ ತಿರುಗಿಸುತ್ತ, ಗುಂಟ್ರಮ್ ಶ್ಲೈಯರ್:
ಬಿಯರ್ ಭಟ್ಟಿಯ ಯಜಮಾನ, ಕುದುರೆ ಇರುವುದು
ಪೀಪಾಯಿ ಎಳೆಯುವುದಕ್ಕೆಂದೇ ತಿಳಿದವನು.
‘ನಿಮ್ಮವನೇ, ನೋಡಿ’ ಎಂದರು ಸೆನೆಟರು,
‘ನಮ್ಮ ಜಿಲ್ಲೆಯಲ್ಲಿ ಜರ್ಮನರ ಮತ ಆರು ಸಾವಿರ.
ಆರು ಸಾವಿರಕ್ಕೆ ಒಂದು ನಕ್ಷತ್ರ ಹೆಚ್ಚೇ?’
ಅಳಿಯನೆಂದು ಮಾತ್ರ ಹೇಳಲಿಲ್ಲ.
ಮಗಳ ಗಂಡನೆಂದು ಆಮೇಲೆ ಬಂಡಿಯವನಿಂದ ತಿಳಿಯಿತು.

ಸುಳ್ಳೇಕೆ, ನನಗೂ ಹಿಗ್ಗಾಯಿತು.
ಹಡಗಿಳಿದು ಹನ್ನೆರಡು ವರ್ಷ,
ನಮ್ಮ ಉಚ್ಚಾರಕ್ಕೆ ನಗದ ಬೀದಿಯಿಲ್ಲ;
ಈಗ ನಮ್ಮವನೊಬ್ಬನ ಹೆಗಲಿಗೆ ನಕ್ಷತ್ರ.
ಬೆಳ್ಳಿನೂಲನ್ನು ಎರಡೆಳೆ ಮಾಡಿ ಹೊಲಿದೆ.
ಹೆಗಲು ಕೊಂಚ ಇಳಿಜಾರು. ಒಳಗೆ ಹತ್ತಿ ತುಂಬಿದೆ.

ಅದೇ ವಾರ ಕ್ಯಾಪ್ಟನ್ ಲೆಮ್ಯುಯೆಲ್ ಗಾರ್ವುಡ್
ಮೂರನೆಯ ಸಲ ಅದೇ ಎರಡು ಗೆರೆ ತಂದಿದ್ದ.
ಮೊದಲ ಸಲ ಬೆವರಿಗೆ ಮಾಸಿತ್ತು, ಎರಡನೆಯ ಸಲ ಮುಳ್ಳು ಗೀರಿತ್ತು,
ಈಗ ಯಾರದೋ ರಕ್ತ.
ಜೋಳದ ಹೊಲದಲ್ಲಿ ತನ್ನ ಮೇಲಿನವರೆಲ್ಲ ಬಿದ್ದ ಮೇಲೆ
ಉಳಿದ ರೆಜಿಮೆಂಟನ್ನು ನಡೆಸಿ ತಂದವನು.
‘ಎಲೆ ಯಾವಾಗ?’ ಎಂದೆ.
‘ಗವರ್ನರರಿಗೆ ನಾನು ಮತ ಹಾಕಲಿಲ್ಲ,
ಅವರದನ್ನು ಮರೆತಿಲ್ಲ’ ಎಂದು ನಕ್ಕ.
ಸಂಬಳ ಕಂಡು ಐದು ತಿಂಗಳು; ಇಪ್ಪತ್ತು ಸೆಂಟಿಗೆ
ಚೀಟಿ ಬರೆದುಕೊಟ್ಟು ಹೋದ.

ಡಿಸೆಂಬರಿನಲ್ಲಿ ನದಿ ದಾಟಿದರು.
ಕಲ್ಲುಗೋಡೆಗೆ ಎದೆಯೊಡ್ಡಿ ನಡೆಯಿರಿ ಎಂದವನು ಶ್ಲೈಯರ್.
ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದ ಎನ್ನುತ್ತಾರೆ, ನಾನು ನೋಡಿಲ್ಲ.
ನನಗೆ ಗೊತ್ತಿರುವುದು ಬಟ್ಟೆ:
ಆಸ್ಪತ್ರೆಯಿಂದ ಗಾಡಿಗಟ್ಟಲೆ ಬಂದ ಕೋಟುಗಳು,
ತೊಳೆದು, ತೇಪೆ ಹಾಕಿ, ಇನ್ನೊಬ್ಬನಿಗೆ ಹೊಂದಿಸಲು.
ಜೇಬುಗಳಲ್ಲಿ ಸಿಕ್ಕ ಕಾಗದಗಳಲ್ಲಿ ಎಷ್ಟೋ ನನ್ನ ಭಾಷೆಯವು.
ಓದಲು ಕಲಿತದ್ದಕ್ಕೆ ಅಂದು ಮರುಗಿದೆ.

ಮಾರ್ಚಿನಲ್ಲಿ ಸೆನೆಟ್ ಏಳುವ ಹೊತ್ತಿಗೆ
ಪಟ್ಟಿ ಬಹಳ ಉದ್ದವಾಗಿತ್ತಂತೆ;
ಶ್ಲೈಯರನ ಹೆಸರು ಬರುವ ಮೊದಲೇ ಕುರ್ಚಿಗಳು ಖಾಲಿ.
ಕೋಟು ಬಂತು, ಚೀಟಿಯೊಂದಿಗೆ: ನಕ್ಷತ್ರ ಬಿಚ್ಚುವುದು.
ಬಿಚ್ಚಿದೆ. ಆ ಗೋಡೆಯ ಲೆಕ್ಕಕ್ಕಲ್ಲ,
ಗಡುವು ಮುಗಿದ ಲೆಕ್ಕಕ್ಕೆ.
ಕೆಳಗೆ ಬಿಸಿಲು ಕಾಣದ ಬಟ್ಟೆ,
ಐದು ತುದಿಯ ಇನ್ನೊಂದು ನಕ್ಷತ್ರ, ಕಡುನೀಲಿ.

ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ.
ಎಸೆಯುವಷ್ಟು ಹೊಸಬಳಲ್ಲ ನಾನು ಈ ಊರಿಗೆ.
ಮೂರು ವಾರಕ್ಕೆ ಬಂಡಿ ಮತ್ತೆ ಬಂತು:
ಹೊಸ ನೇಮಕ, ಹಳೆಯ ಹೆಸರು.
ಪೂರ್ತಿ ಕೂಲಿ ಕೇಳಿದೆ. ಸೆನೆಟರು ಚೌಕಾಸಿ ಮಾಡಲಿಲ್ಲ.

ಡಬ್ಬಿಯಲ್ಲಿ ಅದರ ಪಕ್ಕದಲ್ಲೇ ಇತ್ತು
ಇಪ್ಪತ್ತು ಸೆಂಟಿನ ಚೀಟಿ.
ಗಾರ್ವುಡ್ ಎಲ್ಲಿ ಎಂದು ಬಂಡಿಯವನನ್ನು ಕೇಳಿದೆ.
‘ಯಾರು?’ ಎಂದ.

ದೀಪ ಹತ್ತಿರಕ್ಕೆಳೆದುಕೊಂಡು ಕೂತೆ.
ಹೊಸದಾಗಿ ಚುಚ್ಚಬೇಕಾಗಲಿಲ್ಲ;
ಹಳೆಯ ತೂತುಗಳೇ
ಬಾಯಿ ತೆರೆದು ಕಾದಿದ್ದವು.